ಮೇಲೆ ಬಿಳಿ, ಕೆಳಗೆ ನೀಲಿ

ಫಲಿತಾಂಶ ಸಂಜೆ ಆರಕ್ಕೆ ಬರುತ್ತದೆ ಅಂತ ಹೇಳಿದ್ದರು. ಆರೂವರೆ ಆದರೂ ಬರಲಿಲ್ಲ. ಅಷ್ಟು ಹೊತ್ತಿಗೆ ನಾನು ಇಮೇಲ್ ಎಷ್ಟು ಸಲ ತೆಗೆದು ನೋಡಿದ್ದೆನೋ ಲೆಕ್ಕವಿಲ್ಲ. ಏಳಕ್ಕೆ ಐದು ನಿಮಿಷ ಇರುವಾಗ ಬಂತು. ಜೊತೆಗೊಂದು ಪಿಡಿಎಫ್. ತಕ್ಷಣ ತೆರೆಯಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದೆ. ಇನ್ನೂ ಐದು ನಿಮಿಷ ನನ್ನ ಕಥೆಗೆ ಬಹುಮಾನ ಬಂದಿರಬಹುದು ಅಂತ ಇರಲಿ, ಅನ್ನಿಸಿತು.

ಮೊದಲ ಮೂರು ಹೆಸರುಗಳಲ್ಲಿ ನನ್ನದಿರಲಿಲ್ಲ. ಅದರ ಕೆಳಗೆ ಎರಡು ಸಮಾಧಾನಕರ ಬಹುಮಾನ. ಅಲ್ಲೂ ಇಲ್ಲ. ಆದರೆ ಎರಡನೆಯದರಲ್ಲಿ ಅಕ್ಕನ ಹೆಸರಿತ್ತು. ಅದಕ್ಕೂ ಕೆಳಗೆ 'ಅಂತಿಮ ಸುತ್ತಿಗೆ ಬಂದ ಇತರ ಕಥೆಗಳು' ಅಂತ ಐದು ಕಥೆಗಳ ಪಟ್ಟಿ. ಅದರಲ್ಲಿ ಮೊದಲನೆಯದೇ ನನ್ನದು. ಅಂಕದ ಪ್ರಕಾರ ಜೋಡಿಸಿದ್ದರು. ಇದ್ದದ್ದು ಐದು ಬಹುಮಾನ, ನಾನು ಆರನೆಯವಳು.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ನಾವು ನಾಲ್ಕು ಜನ ಎರಡು ವರ್ಷದಿಂದ ಒಬ್ಬರ ಕಥೆ ಒಬ್ಬರು ಓದಿ ಹೇಳುತ್ತೇವೆ. ಅವರು ನನಗಿಂತ ಹನ್ನೆರಡು ವರ್ಷ ದೊಡ್ಡವರು, ಎಲ್ಲರಿಗೂ ಅಕ್ಕ. ಇನ್ನೊಬ್ಬರು ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ನಾಲ್ಕನೆಯವನು ಇನ್ನೂ ಓದುತ್ತಿರುವ ಹುಡುಗ. ನಾಲ್ವರಿಗೂ ಬರವಣಿಗೆ ಹೊಟ್ಟೆಪಾಡಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಬರೆಯುವವರು ನಾವು. ಈ ಸಲ ಧೈರ್ಯ ಮಾಡಿ ನಾಲ್ವರೂ ಒಂದೇ ಸ್ಪರ್ಧೆಗೆ ಕಥೆ ಕಳಿಸಿದ್ದೆವು. 1,500 ಪದಗಳ ಮಿತಿ. ಆನ್‌ಲೈನಿನಲ್ಲೇ ಕಳಿಸಬೇಕು, ಫೈಲಿನಲ್ಲಿ ಹೆಸರಿರಬಾರದು, ಒಬ್ಬರಿಗೆ ಒಂದೇ ಕಥೆ.

ಆ ಪದಮಿತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಂಪ್ಯೂಟರ್ ಪದ ಎಣಿಸುವುದು ನಡುವಿನ ಖಾಲಿ ಜಾಗ ನೋಡಿ. 'ಬಂದು ಬಿಟ್ಟಳು' ಅಂತ ಬಿಡಿಸಿ ಬರೆದರೆ ಎರಡು ಪದ, 'ಬಂದುಬಿಟ್ಟಳು' ಅಂದರೆ ಒಂದು. 'ಹೋಗಬೇಕಾಗಿತ್ತಂತೆ' ಅನ್ನುವ ಇಷ್ಟುದ್ದದ ಮಾತೂ ಒಂದೇ ಪದ. ನನ್ನ ಕಥೆ ಮೊದಲ ಸಲ 1,640 ಪದ ಇತ್ತು. ಎರಡು ರಾತ್ರಿ ಕೂತು ಕೂಡಿಸುವುದನ್ನೆಲ್ಲ ಕೂಡಿಸಿದೆ, ತೆಗೆಯುವುದನ್ನು ತೆಗೆದೆ. 1,486ಕ್ಕೆ ಬಂದು ನಿಂತಿತು. ಆ ಎರಡು ರಾತ್ರಿಯಲ್ಲಿ ನನ್ನ ಭಾಷೆ ಸುಧಾರಿಸಿದಷ್ಟು ಅದಕ್ಕೂ ಮುಂಚೆ ಒಂದು ವರ್ಷದಲ್ಲಿ ಸುಧಾರಿಸಿರಲಿಲ್ಲ. ಸುಮ್ನೆ ಕೂತಿದ್ದ ಪದಗಳು ಎಷ್ಟಿದ್ದವು ಅಂತ ಆಗ ಕಾಣಿಸಿತು.

ಫಲಿತಾಂಶದ ರಾತ್ರಿಗೆ ಬರುತ್ತೇನೆ.

ಮೊದಲು ಫೋನ್ ಮಾಡಿದ್ದು ಹುಡುಗ. ಅವನ ಕಥೆ ಮೊದಲ ಸುತ್ತಿನಲ್ಲೇ ಬಿದ್ದಿತ್ತು. "ಮೇಡಂ, ಇದೆಲ್ಲ ಮೊದಲೇ ಗೊತ್ತುಮಾಡಿರ್ತಾರೆ. ಯಾರೂ ಓದಿಲ್ಲ ನನ್ನ ಕಥೇನ" ಅಂದ. ಧ್ವನಿ ಒಡೆದಿತ್ತು. ನನಗೂ ಆ ಹೊತ್ತಿಗೆ ಹಾಗೇ ಅನ್ನಿಸುತ್ತಿತ್ತು, ಹೂಂ ಅಂದೆ. ಅದು ತಪ್ಪು ಅಂತ ಆಮೇಲೆ ತಿಳಿಯಿತು. ಪಿಡಿಎಫ್‌ನ ಕೊನೆಯಲ್ಲಿ ಓದಿದ ಕ್ರಮ ಬರೆದಿದ್ದರು. ಬಂದದ್ದು ಸುಮಾರು 300 ಕಥೆ. ಮೊದಲ ಸುತ್ತಿನಲ್ಲಿ ಪ್ರತಿ ಕಥೆಯನ್ನೂ ಇಬ್ಬರು ಓದಿದ್ದಾರೆ, ಓದಿದವರು ಒಟ್ಟು 8 ಜನ. ಅಂದರೆ ಒಬ್ಬೊಬ್ಬರಿಗೆ 75 ಕಥೆ. ಒಂದು ಕಥೆಗೆ ಹತ್ತು ನಿಮಿಷ ಅಂದರೂ ಹನ್ನೆರಡೂವರೆ ಗಂಟೆ ಆಯಿತು. ತಮ್ಮ ಕೆಲಸ ಮುಗಿಸಿಕೊಂಡು ಬಂದು, ಬಿಡುವಿನಲ್ಲಿ ಓದಿದವರು. ಅರವತ್ತನೇ ಕಥೆ ಓದುವ ಹೊತ್ತಿಗೆ ಅವರ ಕಣ್ಣು ಹೇಗಿರುತ್ತದೆ ಅಂತ ಯೋಚಿಸಿದೆ. ಅಂಥ ಕಣ್ಣನ್ನು ಹಿಡಿದು ನಿಲ್ಲಿಸುವ ಮೊದಲ ಪ್ಯಾರಾ ನಮ್ಮಲ್ಲಿ ಎಷ್ಟು ಜನ ಬರೆದಿದ್ದೆವು? ಹುಡುಗನ ಕಥೆಯಲ್ಲಿ ನಿಜವಾದ ಕಥೆ ಶುರುವಾಗುವುದು ಮೂರನೇ ಪುಟದಲ್ಲಿ. ಅದನ್ನು ನಾವು ಮೂವರೂ ಅವನಿಗೆ ಮುಂಚೆಯೇ ಹೇಳಬಹುದಿತ್ತು. ಬೇಜಾರು ಮಾಡಿಕೊಳ್ಳುತ್ತಾನೆ ಅಂತ ಹೇಳಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಮೇಷ್ಟ್ರ ಕಥೆ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವರಿಗೆ ಬೇರೆಯೇ ಇಮೇಲ್ ಬಂದಿತ್ತು, ಒಂದೇ ಸಾಲು. 'ನಿಮ್ಮ ಫೈಲ್ ಓದಲು ಆಗದ ಕಾರಣ ಪರಿಗಣಿಸಿಲ್ಲ.' ಅವರು ಇಪ್ಪತ್ತು ವರ್ಷದಿಂದ ಒಂದೇ ಹಳೆಯ ಫಾಂಟಿನಲ್ಲಿ ಟೈಪ್ ಮಾಡುವವರು. ಯೂನಿಕೋಡಿನಲ್ಲೇ ಇರಬೇಕು ಅಂತ ನಿಯಮದಲ್ಲಿತ್ತು. ಯೂನಿಕೋಡ್ ಅನ್ನುವುದೂ ಒಂದು ಫಾಂಟಿನ ಹೆಸರು ಅಂತ ಅವರು ತಿಳಿದಿದ್ದರು. ತುಂಬಾ ಜನ ಹಾಗೆ ತಿಳಿದಿದ್ದಾರೆ. ಅದು ಫಾಂಟ್ ಅಲ್ಲ, ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟಿರುವ ಏರ್ಪಾಡು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ನಮ್ಮ ಲಿಪಿಗೆ ಅದರಲ್ಲಿ 128 ಜಾಗ ಮೀಸಲಿದೆ. ಹಳೆಯ ಫಾಂಟುಗಳು ಹಾಗಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತವೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆ ಎಲ್ಲ ಕಲಸಿದ ಹಾಗೆ ಕಾಣುತ್ತದೆ. ಮೇಷ್ಟ್ರ ಹದಿನಾಲ್ಕು ನೂರು ಪದಗಳೂ ಹಾಗೇ ಕಂಡಿವೆ.

"ಕಥೆ ಚೆನ್ನಾಗಿಲ್ಲ ಅಂತ ಬಿಟ್ಟಿದ್ರೆ ನಂಗೆ ಬೇಜಾರಿರ್ಲಿಲ್ಲಮ್ಮಾ. ಯಾರೂ ಓದ್ಲೇ ಇಲ್ಲವಲ್ಲ" ಅಂದರು. ನನಗೆ ಸಂಕಟ ಆಯಿತು. ಕಳಿಸಲು ಇನ್ನೂ ಹತ್ತು ದಿನ ಉಳಿದಿದ್ದಾಗಲೇ ಕಳಿಸಿದ್ದರು ಅವರು. ಫೈಲ್ ತೆರೆಯುತ್ತಿಲ್ಲ ಅಂತ ಆಗಲೇ ಒಂದು ಮಾತು ತಿಳಿಸಿದ್ದರೆ ಸರಿಪಡಿಸಿ ಕಳಿಸಬಹುದಿತ್ತು. ನಡೆಸುವವರಿಗೆ ಇದು ದೊಡ್ಡ ಕೆಲಸವೇನಲ್ಲ. ಇದನ್ನು ಅವರಿಗೆ ಬರೆದು ತಿಳಿಸಿದ್ದೇನೆ, ಮುಂದಿನ ಸಲ ನೋಡುತ್ತೇವೆ ಅಂತ ಉತ್ತರ ಬಂದಿದೆ.

ಆ ವಾರ ನಾನೂ ಮೇಷ್ಟ್ರೂ ಎರಡು ಸಂಜೆ ಫೋನಿನಲ್ಲಿ ಕೂತು ಅವರ ಕಥೆಯನ್ನು ಯೂನಿಕೋಡಿಗೆ ತಂದೆವು. ಪರಿವರ್ತನೆ ಮಾಡುವ ತಂತ್ರಾಂಶ ಮುಕ್ಕಾಲು ಕೆಲಸ ಮಾಡುತ್ತದೆ. ಉಳಿದದ್ದು ಕಣ್ಣಿನದು. ಅರ್ಕಾವತ್ತು ಬಂದ ಕಡೆಯೆಲ್ಲ ಕೆಟ್ಟಿತ್ತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತಿನ ಗುರುತು ಅಕ್ಷರ ಆದಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ರ ಮೊದಲೇ ಬರಬೇಕು. 'ಸೂರ್ಯ', 'ಮಾರ್ಗ', 'ಅರ್ಧ' ಎಲ್ಲವನ್ನೂ ಒಂದೊಂದಾಗಿ ಸರಿ ಮಾಡಿದೆವು. ಅವರು ಓದುತ್ತಿದ್ದರು, ನಾನು ತಿದ್ದುತ್ತಿದ್ದೆ. ಒಂದು ಕಡೆ ಅವರ ಧ್ವನಿ ನಿಂತಿತು. ಕಥೆಯ ಮುದುಕ ತನ್ನ ಸತ್ತ ಗೆಳೆಯನ ನಂಬರಿಗೆ ಫೋನ್ ಮಾಡುವ ಜಾಗ ಅದು. ನಾನೂ ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ "ಮುಂದೆ ಓದ್ಲಾ?" ಅಂತ ಕೇಳಿದರು. ಯಾರೂ ಓದಲಿಲ್ಲ ಅಂದ ಕಥೆಯನ್ನು ನಾನು ಅಕ್ಷರ ಅಕ್ಷರ ಓದಿದೆ.

ಇನ್ನು ಅಕ್ಕ. ಫಲಿತಾಂಶ ಬಂದ ರಾತ್ರಿ ಅಕ್ಕನಿಗೆ ನಾನು ಫೋನ್ ಮಾಡಲಿಲ್ಲ. 'ಅಭಿನಂದನೆಗಳು ಅಕ್ಕಾ, ತುಂಬಾ ಖುಷಿಯಾಯ್ತು' ಅಂತ ಮೆಸೇಜ್ ಹಾಕಿದೆ. ಅದರಲ್ಲಿ ಮೊದಲ ಮಾತು ನಿಜ, ಎರಡನೆಯದು ಆ ಹೊತ್ತಿಗೆ ನಿಜವಲ್ಲ. ಅವರಿಂದ 'ಥ್ಯಾಂಕ್ಸ್ ಕಣೇ' ಅಂತಷ್ಟೇ ಬಂತು. ಅವರು ನನ್ನ ಜೊತೆ ಒಂದೇ ಸಾಲಿನಲ್ಲಿ ಮಾತು ಮುಗಿಸಿದ್ದು ಅದೇ ಮೊದಲು.

ರಾತ್ರಿ ಹನ್ನೊಂದಕ್ಕೆ ಅಂಕಗಳ ಹಾಳೆ ತೆರೆದೆ. ಅಂತಿಮ ಸುತ್ತಿನ ಹತ್ತು ಕಥೆಗಳಿಗೆ ಮೂವರು ತೀರ್ಪುಗಾರರು ಹತ್ತಕ್ಕೆ ಕೊಟ್ಟ ಅಂಕ ಅದರಲ್ಲಿತ್ತು. ನನ್ನದಕ್ಕೆ 9, 8, 4. ಒಟ್ಟು 21. ಅಕ್ಕನದಕ್ಕೆ 7, 7, 8. ಒಟ್ಟು 22. ನೋಡುತ್ತಾ ಕೂತೆ. ಇಬ್ಬರಿಗೆ ನನ್ನ ಕಥೆ ಅಕ್ಕನ ಕಥೆಗಿಂತ ಜಾಸ್ತಿ ಹಿಡಿಸಿದೆ. ಒಬ್ಬರಿಗೆ ಹಿಡಿಸಿಲ್ಲ. ಆ ಒಬ್ಬರು ಐದು ಕೊಟ್ಟಿದ್ದರೂ ಸಮ ಆಗುತ್ತಿತ್ತು. ಮೂರು ಅಂಕಗಳಲ್ಲಿ ನಡುವಿನದನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ನನ್ನದು 8, ಅಕ್ಕನದು 7. ಕೂಡಿಸಿದರೆ ಅವರು ಮುಂದೆ, ನಡುವಿನದು ಹಿಡಿದರೆ ನಾನು ಮುಂದೆ.

ಹುಡುಗನಿಗೆ ಇದನ್ನು ಹೇಳಿದಾಗ ಅವನು ಡೈವಿಂಗಿನ ಉದಾಹರಣೆ ಕೊಟ್ಟ. ಅಲ್ಲಿ ಏಳು ಜನ ತೀರ್ಪುಗಾರರಿದ್ದರೆ ಮೇಲಿನ ಎರಡು ಅಂಕ, ಕೆಳಗಿನ ಎರಡು ಅಂಕ ತೆಗೆದುಹಾಕಿ ಉಳಿದ ಮೂರನ್ನು ಮಾತ್ರ ಕೂಡಿಸುತ್ತಾರೆ. ಒಬ್ಬರ ಅತಿ ಇಷ್ಟ ಅಥವಾ ಅತಿ ಸಿಟ್ಟು ಫಲಿತಾಂಶ ಕೆಡಿಸಬಾರದು ಅಂತ. ಆದರೆ ಮೂವರೇ ಇದ್ದ ಕಡೆ ಹಾಗೆ ಮಾಡಿದರೆ ಉಳಿಯುವುದು ಒಬ್ಬರೇ. ಕಥೆ ಓದುವವರ ವಿಷಯದಲ್ಲಿ ಅದು ಸರಿಯೂ ಅಲ್ಲ. ಮೂವರು ಮೂರು ಥರ ಓದಲಿ ಅಂತಲೇ ಮೂವರನ್ನು ಕೂರಿಸುವುದು. ಈ ಮಾತು ಈಗ ಸಮಾಧಾನವಾಗಿ ಬರೆಯುತ್ತಿದ್ದೇನೆ. ಆ ರಾತ್ರಿ ಎರಡು ಗಂಟೆಯವರೆಗೂ ಆ ನಾಲ್ಕನ್ನೇ ನೋಡುತ್ತಿದ್ದೆ.

ಮರುದಿನ ಮೊದಲ ಬಹುಮಾನದ ಕಥೆ ಓದಿದೆ. ಗೆದ್ದ ಐದೂ ಕಥೆ ಪಿಡಿಎಫ್‌ನಲ್ಲೇ ಇದ್ದವು. ಮುದ್ರಿಸಿಕೊಂಡು, ಪೆನ್ಸಿಲ್ ಹಿಡಿದು ಕೂತೆ. ತಪ್ಪು ಹುಡುಕಲು ಕೂತೆ ಅಂತ ಒಪ್ಪಿಕೊಳ್ಳುತ್ತೇನೆ. ಮೊದಲ ವಾಕ್ಯ ತೀರಾ ಸಾಧಾರಣ. ಎರಡನೇ ಪ್ಯಾರಾದಲ್ಲಿ ಒಂದು ಕಾಗುಣಿತದ ತಪ್ಪು, ಸುತ್ತು ಹಾಕಿದೆ. ಅಜ್ಜಿಯ ಮಾತ್ರೆಗಳನ್ನು ದಿನಕ್ಕೊಂದರಂತೆ ಎಣಿಸಿ ಡಬ್ಬಿಗೆ ತುಂಬುವ ಏಳು ವರ್ಷದ ಹುಡುಗನ ಕಥೆ. ಮೂರನೇ ಪ್ಯಾರಾದಲ್ಲಿ ಹುಡುಗ ಕೇಳುತ್ತಾನೆ: "ಅಜ್ಜಿ, ನಾಳೇದು ಇವತ್ತೇ ನುಂಗಿದ್ರೆ ನಾಳೆ ಬರಲ್ವಾ?"

ಪೆನ್ಸಿಲ್ ಕೆಳಗಿಟ್ಟೆ. ಮುಂದೆ ಒಂದು ಕಡೆಯೂ ಗುರುತು ಹಾಕಲಿಲ್ಲ. ಮುಗಿಸಿದ ಮೇಲೆ ಮತ್ತೆ ಮೊದಲ ವಾಕ್ಯಕ್ಕೆ ಹೋದೆ. 'ಡಬ್ಬಿಯಲ್ಲಿ ಏಳು ಖಾನೆಗಳಿದ್ದವು.' ಸಾಧಾರಣ ಅಂದುಕೊಂಡದ್ದು ಅದನ್ನೇ. ಕಥೆಯ ಕೊನೆಯಲ್ಲಿ ಆ ಏಳರಲ್ಲಿ ಮೂರು ಖಾನೆ ತುಂಬಿದ ಹಾಗೇ ಉಳಿದಿರುತ್ತದೆ. ಅಜ್ಜಿ ಸತ್ತಳು ಅಂತ ಆ ಲೇಖಕಿ ಎಲ್ಲೂ ಬರೆದಿಲ್ಲ. ಹುಡುಗ ಡಬ್ಬಿ ಎತ್ತಿ ಅಲ್ಲಾಡಿಸುತ್ತಾನೆ, ಸದ್ದು ಕೇಳುತ್ತದೆ, ಅಷ್ಟೇ. ನನಗೆ ಗಂಟಲು ಕಟ್ಟಿತು. ಇದಕ್ಕೆ ಬಹುಮಾನ ಬಂದದ್ದು ಸರಿ ಅಂತ ಮನಸ್ಸಿಗೆ ಬಂದ ಆ ಕ್ಷಣ ಹೊಟ್ಟೆಯೊಳಗಿನ ಗಂಟೂ ಸಡಿಲವಾಯಿತು. ಅದರ ಲೇಖಕಿಯ ಇಮೇಲ್ ಆಯೋಜಕರಿಂದ ಕೇಳಿ ಪಡೆದು, ಆ ಸದ್ದಿನ ಬಗ್ಗೆ ನಾಲ್ಕು ಸಾಲು ಬರೆದೆ. ಈ ಸಲ ಒಂದೊಂದು ಮಾತೂ ನಿಜ ಇತ್ತು.

ಆಮೇಲೇ ನನ್ನ ಕಥೆಯ ಮೇಲಿನ ಟಿಪ್ಪಣಿ ಓದುವ ಧೈರ್ಯ ಬಂತು.

ನನ್ನ ಕಥೆ ಹೀಗಿದೆ. ಅಮ್ಮ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳು ಮನೆ ಖಾಲಿ ಮಾಡಲು ಬರುತ್ತಾರೆ. ಎಲ್ಲ ಹಂಚಿಕೊಂಡಾಗುತ್ತದೆ, ಹೊಲಿಗೆ ಮಷೀನ್ ಉಳಿಯುತ್ತದೆ. ಇಬ್ಬರಿಗೂ ಬೇಕು, ಇಬ್ಬರೂ ಬಾಯಿಬಿಟ್ಟು ಕೇಳುವುದಿಲ್ಲ. ಮಷೀನಿನಲ್ಲಿ ಅಮ್ಮ ಪೋಣಿಸಿಟ್ಟ ದಾರ ಹಾಗೇ ಇದೆ. ಸೂಜಿಯಲ್ಲಿ ಬಿಳಿ ದಾರ, ಕೆಳಗೆ ಬಾಬಿನ್‌ನಲ್ಲಿ ನೀಲಿ. ಕೊನೆಯ ಎರಡು ಪ್ಯಾರಾದಲ್ಲಿ ನಾನು ಆ ದಾರವನ್ನು ಅಮ್ಮನ ಪ್ರೀತಿಗೆ ಹೋಲಿಸಿದ್ದೆ. ಇನ್ನೂ ತುಂಡಾಗದೆ ಇಬ್ಬರನ್ನೂ ಹಿಡಿದಿದೆ ಅಂತೆಲ್ಲ.

ಒಂಬತ್ತು ಕೊಟ್ಟವರು ಆ ಮುಕ್ತಾಯವನ್ನೇ ಮೆಚ್ಚಿದ್ದರು. ಕಣ್ಣು ತುಂಬಿ ಬಂತು ಅಂತ ಬರೆದಿದ್ದರು. ನಾಲ್ಕು ಕೊಟ್ಟವರದು ಒಂದೇ ವಾಕ್ಯ: 'ಕೊನೆಯ ಎರಡು ಪ್ಯಾರಾದಲ್ಲಿ ಲೇಖಕರು ಓದುಗರನ್ನು ನಂಬಿಲ್ಲ.' ಎಂಟು ಕೊಟ್ಟವರು ಹೊಗಳಿಯೂ ಇರಲಿಲ್ಲ, ತೆಗಳಿಯೂ ಇರಲಿಲ್ಲ. ಒಂದು ಪ್ರಶ್ನೆ ಕೇಳಿದ್ದರು: 'ಮೇಲೆ ಬಿಳಿ, ಕೆಳಗೆ ನೀಲಿ. ಹಾಗಾದರೆ ಅಮ್ಮ ಏನು ಹೊಲಿಯುತ್ತಿದ್ದರು?'

ನನ್ನ ಹತ್ತಿರ ಉತ್ತರ ಇರಲಿಲ್ಲ. ನೀಲಿ ಅಂತ ಸುಮ್ನೆ ಬರೆದಿದ್ದೆ. ಎರಡು ಬಣ್ಣ ಇದ್ದರೆ ಕಣ್ಣಿಗೆ ಕಟ್ಟುತ್ತದೆ ಅಂತ ಅಷ್ಟೇ. ನಾನು ಹೊಲಿಯುವವಳಲ್ಲ. ಮೇಲಿನ ದಾರಕ್ಕೂ ಕೆಳಗಿನ ದಾರಕ್ಕೂ ಬೇರೆ ಬೇರೆ ಬಣ್ಣ ಯಾಕೆ ಹಾಕುತ್ತಾರೆ ಅಂತಲೂ ಯೋಚಿಸಿರಲಿಲ್ಲ. ಅಕ್ಕ ಹೊಲಿಯುತ್ತಾರೆ. ಕೇಳಬೇಕಾದದ್ದು ಅವರನ್ನೇ.

ಐದು ದಿನ ಆಗಿತ್ತು ನಾವು ಮಾತಾಡಿ. ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ನಿನ್ ಫೋನ್ ಬರುತ್ತೋ ಇಲ್ವೋ ಅಂತಿದ್ದೆ ಕಣೇ" ಅಂದರು.

ಅಂಕದ ವಿಷಯ ಮುಚ್ಚಿಡಲಿಲ್ಲ. ನಡುವಿನ ಅಂಕ ಹಿಡಿದರೆ ನಾನು ಮುಂದೆ ಅಂತ ಲೆಕ್ಕ ಹಾಕಿದ್ದು, ಆ ರಾತ್ರಿ ಅವರ ಮೇಲೆ ಸಿಟ್ಟು ಬಂದದ್ದು, ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೂ ಆ ಲೆಕ್ಕ ಹಾಕಿದ್ದೆ" ಅಂದರು. ಅದಕ್ಕೇ ಬಹುಮಾನ ಬಂದ ಸುದ್ದಿ ತಮ್ಮ ಮನೆಯಲ್ಲೂ ಎರಡು ದಿನ ಹೇಳಿರಲಿಲ್ಲವಂತೆ. ಹನ್ನೊಂದು ವರ್ಷದಿಂದ ಬರೆಯುತ್ತಿರುವ ಅವರಿಗೆ ಇದು ಮೊದಲ ಬಹುಮಾನ. ನನ್ನಿಂದಾಗಿ ಅದರ ಖುಷಿ ಅರ್ಧ ಹೋಗಿತ್ತು. ಆಗ ನಾನು ಹೇಳಿದ ಅಭಿನಂದನೆಯೇ ನಿಜವಾದದ್ದು. ಅವರ ಕಥೆ ಅಷ್ಟು ಹೊತ್ತಿಗೆ ಇನ್ನೊಂದು ಸಲ ಓದಿದ್ದೆ. ಅದರಲ್ಲಿ ಎದ್ದು ಕಾಣುವಂಥ ಒಂದು ಸಾಲೂ ಇಲ್ಲ, ತಪ್ಪಿದ ಸಾಲೂ ಇಲ್ಲ. ಮೂವರೂ ಏಳು, ಎಂಟು ಕೊಟ್ಟಿದ್ದು ಯಾಕೆ ಅಂತ ಅರ್ಥವಾಯಿತು. ಅಷ್ಟು ಸಮವಾಗಿ ಬರೆಯುವುದು ನನಗೆ ಇನ್ನೂ ಬಂದಿಲ್ಲ.

ಆಮೇಲೆ ದಾರದ ಪ್ರಶ್ನೆ ಕೇಳಿದೆ.

"ಬಟ್ಟೆಯ ಎರಡು ಮೈ ಬೇರೆ ಬೇರೆ ಬಣ್ಣ ಇದ್ರೆ ಹಾಗೆ ಹಾಕ್ತೀವಿ" ಅಂದರು. "ಹೊರಗೆ ಬಿಳಿ ಬಟ್ಟೆ, ಒಳಗೆ ನೀಲಿ ಲೈನಿಂಗ್ ಅಂದ್ಕೋ. ಮೇಲಿನ ದಾರ ಬಿಳಿ, ಬಾಬಿನ್‌ದು ನೀಲಿ. ಆಗ ಯಾವ ಕಡೆಯಿಂದ ನೋಡಿದ್ರೂ ಹೊಲಿಗೆ ಕಾಣಲ್ಲ. ಎಳೆತ ಸರಿಯಾಗಿರ್ಬೇಕು ಅಷ್ಟೆ. ಮೇಲಿನ ದಾರ ಜಾಸ್ತಿ ಬಿಗಿಯಾದ್ರೆ ನೀಲಿ ಮೇಲಕ್ಕೆ ಎದ್ದು ಚುಕ್ಕೆ ಚುಕ್ಕೆಯಾಗಿ ಕಾಣುತ್ತೆ. ಎರಡು ದಾರದ ಗಂಟು ಬಟ್ಟೆಯ ನಡುವೆ ಬಂದು ಕೂರ್ಬೇಕು."

ನಾನು ಬರೆದುಕೊಳ್ಳುತ್ತಿದ್ದೆ. ಕೈ ನಿಂತಿತು. ಎರಡು ಮೈ, ಎರಡು ಬಣ್ಣ, ಗಂಟು ಯಾರಿಗೂ ಕಾಣದ ಹಾಗೆ ನಡುವೆ. ಇಬ್ಬರು ಹೆಣ್ಣುಮಕ್ಕಳ ಕಥೆ ಬರೆದು, ಇಷ್ಟು ದೊಡ್ಡ ವಿಷಯವನ್ನು ಬಾಬಿನ್‌ನಲ್ಲೇ ಬಿಟ್ಟಿದ್ದೆ. ಪ್ರೀತಿ, ದಾರ ಅಂತ ಎರಡು ಪ್ಯಾರಾ ಹೇಳಬೇಕಾಗಿ ಬಂದದ್ದು ಅದಕ್ಕೇ. ಮಷೀನಿನ ಪಾದದ ಕೆಳಗೆ ಬಟ್ಟೆಯೇ ಇರಲಿಲ್ಲ ನನ್ನ ಕಥೆಯಲ್ಲಿ.

ಆ ಎರಡು ಪ್ಯಾರಾ ತೆಗೆದೆ. 112 ಪದ ಹೋಯಿತು. ಒಂಬತ್ತು ಕೊಟ್ಟವರ ಕಣ್ಣು ತುಂಬಿಸಿದ ಸಾಲುಗಳವು, ತೆಗೆಯುವಾಗ ನನಗೆ ಕಷ್ಟವಾಯಿತು. ಅವರ ಓದು ಸುಳ್ಳಲ್ಲ. ಆದರೆ ಮಾತ್ರೆ ಡಬ್ಬಿಯ ಸದ್ದು ಕೇಳಿದ ಮೇಲೆ ಆ ಸಾಲುಗಳನ್ನು ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

ಈಗ ನಾಲ್ವರೂ ಮತ್ತೆ ಮಾತಾಡುತ್ತಿದ್ದೇವೆ. ಮೊದಲಿಗಿಂತ ನೇರವಾಗಿ. ಹುಡುಗನಿಗೆ ಮೂರನೇ ಪುಟದ ವಿಷಯ ಹೇಳಿದೆ. ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಮೊದಲ ಎರಡು ಪುಟ ಕಿತ್ತು ಹಾಕಿ ಕಳಿಸಿದ, ಕಥೆ ಎದ್ದು ನಿಂತಿದೆ. ಕಾಮನ್‌ವೆಲ್ತ್ ಸಣ್ಣಕಥೆ ಪ್ರಶಸ್ತಿಯ ನಿಯಮ ಹುಡುಕಿ ತಂದವನೂ ಅವನೇ. 2012ರಿಂದ ಕೊಡುತ್ತಿದ್ದಾರೆ, ಪ್ರವೇಶ ಶುಲ್ಕ ಇಲ್ಲ, 2,000ದಿಂದ 5,000 ಪದ. ಐದು ಪ್ರದೇಶಗಳಿಂದ ಒಬ್ಬೊಬ್ಬರನ್ನು ಆರಿಸಿ, ಆ ಐವರಲ್ಲಿ ಒಬ್ಬರಿಗೆ ಒಟ್ಟಾರೆ ಪ್ರಶಸ್ತಿ. ಬೇರೆ ಭಾಷೆಯಿಂದ ಇಂಗ್ಲಿಷಿಗೆ ಅನುವಾದವಾದ ಕಥೆಯನ್ನೂ ತೆಗೆದುಕೊಳ್ಳುತ್ತಾರೆ. ಮೇಷ್ಟ್ರ ಕಥೆಯನ್ನು ಇನ್ನಷ್ಟು ಬೆಳೆಸಿ, ಅನುವಾದ ಮಾಡಿಸಿ ಕಳಿಸೋಣ ಅಂತ ಅವನ ಆಸೆ. ಮೇಷ್ಟ್ರು ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ.

ಅಮ್ಮ ಏನು ಹೊಲಿಯುತ್ತಿದ್ದಳು ಅನ್ನುವುದರ ಬಗ್ಗೆ ಮೂವರೂ ಒಂದೊಂದು ಹೇಳುತ್ತಿದ್ದಾರೆ. ಎರಡೂ ಕಡೆ ಹೊದೆಯುವ ಹೊದಿಕೆ ಅಂತ ಅಕ್ಕ. ಮಗುವಿನ ಅಂಗಿ ಅಂತ ಮೇಷ್ಟ್ರು, ಹೆಣ್ಣುಮಕ್ಕಳಲ್ಲಿ ಒಬ್ಬಳು ಬಸುರಿ ಅಂತ ಅಮ್ಮನಿಗೆ ಮಾತ್ರ ಗೊತ್ತಿತ್ತಂತೆ. ಅಮ್ಮ ತನಗಾಗಿಯೇ ಏನೋ ಹೊಲಿದುಕೊಳ್ಳುತ್ತಿದ್ದಳು ಅಂತ ಹುಡುಗ. ಅವನ ಮಾತು ಕೇಳಿ ನಾವು ಮೂವರೂ ಸುಮ್ಮನಾದೆವು. ಅಮ್ಮ ತನಗಾಗಿ ಹೊಲಿದುಕೊಂಡಿರಬಹುದು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ.

ತಂಗಿ ಮಷೀನಿನ ಪಕ್ಕದ ಡ್ರಾಯರ್ ಎಳೆಯುವವರೆಗೆ ಬರೆದಿದ್ದೇನೆ. ಡ್ರಾಯರ್ ಅರ್ಧಕ್ಕೆ ಸಿಕ್ಕಿಕೊಂಡಿದೆ. ಅಕ್ಕ ಬಂದು ಇನ್ನೊಂದು ತುದಿ ಹಿಡಿದಿದ್ದಾಳೆ. ಒಳಗಿನಿಂದ ನೀಲಿ ಬಟ್ಟೆಯ ಅಂಚು ಒಂದಿಷ್ಟು ಕಾಣುತ್ತಿದೆ. ಉಳಿದದ್ದು ಇವತ್ತು ರಾತ್ರಿ ಬರೆಯಬೇಕು.